ಕರ್ನಲ್ ತಾತ ಹೇಳಿದ ಕಥೆ, ಸಂಘದವರು ಆಡಿದ ನಾಟಕ

ನ್ಯೂಯಾರ್ಕಿನ ಪೆನ್ ಸ್ಟೇಷನ್ನಿನಲ್ಲಿ, ಜನರೆಲ್ಲ ಕತ್ತೆತ್ತಿ ತಮ್ಮ ರೈಲಿನ ಟ್ರ್ಯಾಕ್ ನಂಬರಿಗಾಗಿ ಕಾಯುತ್ತ ನಿಲ್ಲುವ ಜಾಗದಿಂದ ಸ್ವಲ್ಪ ಆಚೆಗೆ, ಒಬ್ಬಾತ ಎತ್ತರದ ಕುರ್ಚಿ ಇಟ್ಟುಕೊಂಡು ಬೂಟ್ ಪಾಲಿಷ್ ಮಾಡುತ್ತಾನೆ. ಮೊನ್ನೆ ಅವನ ಪಕ್ಕದಲ್ಲಿ ಹಾದುಹೋಗುವಾಗ ಕರಗಿದ ಮೇಣ, ಟರ್ಪೆಂಟೈನ್, ಉಜ್ಜಿ ಉಜ್ಜಿ ಬೆಚ್ಚಗಾದ ಚರ್ಮ, ಎಲ್ಲ ಬೆರೆತ ವಾಸನೆ ಮೂಗಿಗೆ ಬಂತು. ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಹಿಂದಿನಿಂದ ಬರುತ್ತಿದ್ದವನೊಬ್ಬ ಡಿಕ್ಕಿ ಹೊಡೆದು, ಬೈದುಕೊಂಡು ಹೋದ. ಬೈಯಲಿ. ನಾನಾಗ ಪೆನ್ ಸ್ಟೇಷನ್ನಿನಲ್ಲಿ ಇರಲೇ ಇಲ್ಲ. ಓಲ್ಡ್ ಬ್ರಿಡ್ಜ್ ಊರಿನ ನಮ್ಮ ಹಳೆಯ ಮನೆಯ ಅಡುಗೆಮನೆಯಲ್ಲಿದ್ದೆ, ಯುಗಾದಿ ಕಳೆದ ಮೇಲಿನ ಒಂದು ಶನಿವಾರ ಮಧ್ಯಾಹ್ನ, ಎಂಟೋ ಒಂಬತ್ತೋ ವರ್ಷದ ಹುಡುಗಿಯಾಗಿ.

ಅಲ್ಲಿ ಯಾರು ಯಾರಿದ್ದರು ಎಂದು ಹೇಳಿಬಿಡುತ್ತೇನೆ, ಏಕೆಂದರೆ ಅಷ್ಟೂ ಜನ ಒಂದೇ ಕೋಣೆಯಲ್ಲಿ ಕೂಡಿ ನಕ್ಕದ್ದು ಅದೇ ಕೊನೆ. ಅಜ್ಜಿ ಒಲೆಯ ಪಕ್ಕ ನಿಂತು, ಕನ್ನಡ ಸಂಘದ ಊಟಕ್ಕೆಂದು ದೊಡ್ಡ ಅಲ್ಯೂಮಿನಿಯಂ ಟ್ರೇಯಲ್ಲಿ ಮಾವಿನಕಾಯಿ ಚಿತ್ರಾನ್ನ ಕಲಸುತ್ತಿದ್ದಳು. ಅಮ್ಮ ಸೀರೆಯ ಪಿನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ನನ್ನ ಜಡೆ ಎಳೆಯುತ್ತಿದ್ದಳು. ವಾರವಿಡೀ ಮಾರಿಸ್‌ಟೌನ್‌ಗೆ ಕಮ್ಯೂಟ್ ಮಾಡಿ ಸುಸ್ತಾಗಿದ್ದ ಅಪ್ಪ, ಕಾರಿನ ಕೀ ಎಲ್ಲಿಟ್ಟೆ ಎಂದು ಎಲ್ಲರನ್ನೂ ಕೇಳುತ್ತಿದ್ದರು. ಕೆಳಗೆ, ಲಿನೋಲಿಯಂ ನೆಲದ ಮೇಲೆ ಹಳೆಯ ಪೇಪರ್ ಹಾಸಿಕೊಂಡು, ಇಬ್ಬರು ಮುದುಕರು ಎದುರುಬದುರು ಚಕ್ಕಂಬಕ್ಕಳ ಹಾಕಿ ಕೂತು ಬೂಟು ಉಜ್ಜುತ್ತಿದ್ದರು. ಒಬ್ಬರು ನನ್ನ ತಾತ, ಅಮ್ಮನ ತಂದೆ, ಗೂರ್ಖಾ ಪಲ್ಟನ್ನಿನ ನಿವೃತ್ತ ಕರ್ನಲ್, ಊರಿಗೆಲ್ಲ ಕರ್ನಲ್ ಅಂಕಲ್. ಇನ್ನೊಬ್ಬರು ಅವರದೇ ಪಲ್ಟನ್ನಿನ ಸುಬೇದಾರ್ ಧನ್‌ಬಹಾದುರ್ ಗುರುಂಗ್, ನ್ಯೂಯಾರ್ಕಿನ ಜಾಕ್ಸನ್ ಹೈಟ್ಸ್‌ನಲ್ಲಿ ಮಗನ ಮನೆಯಲ್ಲಿದ್ದವರು, ನನ್ನ ಪಾಲಿಗೆ ಧನ್ ತಾತ. ತಾತ ಉಜ್ಜುತ್ತಿದ್ದದ್ದು ಧನ್ ತಾತನ ಬೂಟು. ಧನ್ ತಾತ ಉಜ್ಜುತ್ತಿದ್ದದ್ದು ತಾತನದು. "ಇದೇನ್ರೀ ನಿಮ್ಮ ಶಾಸ್ತ್ರ?" ಎಂದು ಅಜ್ಜಿ ಕೇಳಿದರೆ ತಾತ, "ಅವನ ಬೂಟು ಅವನೇ ಉಜ್ಜಿದ್ರೆ ನಾನು ಇನ್‌ಸ್ಪೆಕ್ಷನ್‌ನಲ್ಲಿ ತಪ್ಪು ಹುಡುಕಬೇಕಾಗುತ್ತೆ ಕಣೇ. ಈಗ ನೋಡು, ಇಬ್ಬರೂ ಬಾಯಿ ಮುಚ್ಕೊಂಡಿರ್ತೀವಿ" ಎಂದರು.

ತಾತ ಮೈಸೂರಿನ ಚಾಮರಾಜಪುರದ ಹುಳಿ-ಅನ್ನದ ಮನೆಯ ಹುಡುಗ. ಮಿಲಿಟರಿ ಅಕಾಡೆಮಿಯಿಂದ ಹೊರಬಿದ್ದು ಗೂರ್ಖಾ ಪಲ್ಟನ್ನಿಗೆ ಸೇರಿದ್ದೇನೆ ಎಂದು ಮನೆಗೆ ಬರೆದಾಗ ಅವರ ತಾಯಿ ಅಡುಗೆಮನೆಯಲ್ಲಿ ಕೂತು ಅತ್ತರಂತೆ. "ಇಷ್ಟು ಓದಿಸಿದ್ದು, ಬೀದೀಲಿ ಸೀಟಿ ಊದಿಕೊಂಡು ತಿರುಗೋಕಾ?" ಬೆಂಗಳೂರು, ಮೈಸೂರಿನ ಬಡಾವಣೆಗಳ ಜನಕ್ಕೆ ಗೂರ್ಖಾ ಎಂದರೆ ಕೋಲು ಕುಟ್ಟುತ್ತ ಹೋಗುವ ಕಾವಲಿನವನು, ಅಷ್ಟೇ. ಆ ತಾಯಿಯನ್ನು ನಾನು ಕ್ಷಮಿಸುತ್ತೇನೆ. ಆಕೆ ಶ್ರೀರಂಗಪಟ್ಟಣ ದಾಟಿ ಆಚೆಗೆ ಹೋದವರಲ್ಲ. ಏಳು ಸಮುದ್ರ ದಾಟಿ ಬಂದು, ಮಕ್ಕಳನ್ನು ದೊಡ್ಡ ದೊಡ್ಡ ಕಾಲೇಜಿಗೆ ಕಳಿಸಿ, ಈ ದೇಶದವರು ನಮ್ಮ ಬಣ್ಣ ನೋಡಿ ಆಡಿಕೊಳ್ಳುತ್ತಾರೆ ಎಂದು ದೂರುವವರನ್ನು ಹೇಗೆ ಕ್ಷಮಿಸಲಿ? ಅದನ್ನೇ ಹೇಳಲು ಕೂತಿದ್ದೇನೆ.

ತಾತ ಹೇಳುತ್ತಿದ್ದ ಕಥೆಗಳಲ್ಲಿ ಪೆದ್ದ ಯಾವಾಗಲೂ ಅವರೇ. ಮೊದಲ ದಸೈಂ ಹಬ್ಬಕ್ಕೆ, ಅಂದರೆ ನೇಪಾಳಿಗಳ ದಸರೆಗೆ, ಒಂದೇ ಏಟಿಗೆ ಕೋಣದ ತಲೆ ಹಾರಿಸುವ ಪಲ್ಟನ್ನಿನ ಪದ್ಧತಿ ನೋಡಲಾರದೆ ಅವರು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ನಿಂತದ್ದು. ಇಡೀ ಪಲ್ಟನ್ ಅದನ್ನು ನೋಡಿದ್ದು. ಮರುದಿನ ಹಿರಿಯ ಸುಬೇದಾರರು ಎಲ್ಲರೆದುರು "ನಮ್ಮ ಹೊಸ ಸಾಬ್ ದೇವಿಯ ಧ್ಯಾನದಲ್ಲಿ ಮುಳುಗಿಬಿಟ್ಟಿದ್ದರು" ಎಂದು ಗಂಭೀರವಾಗಿ ಸಾರಿದ್ದು. ತಾತ ಇದನ್ನು ನಮ್ಮ ಫ್ಯಾಮಿಲಿ ರೂಮಿನ ಕಾರ್ಪೆಟ್ಟಿನ ಮೇಲೆ, ಕಣ್ಣು ಹೇಗೆ ಮುಚ್ಚಿದ್ದರು, ಮಂಡಿ ಹೇಗೆ ನಡುಗುತ್ತಿತ್ತು ಎಂದು ಆಡಿ ತೋರಿಸುತ್ತಿದ್ದರು. ಓಲ್ಡ್ ಬ್ರಿಡ್ಜ್‌ನಲ್ಲಿ ಮೊದಲ ಹಿಮ ಬಿದ್ದ ದಿನ ಸಲಿಕೆ ಹಿಡಿದು ಡ್ರೈವ್‌ವೇಯಲ್ಲಿ ನಿಂತು, "ಹಿಮಕ್ಕೆ ಹೆದರಿ ಪೆನ್ಷನ್ ತಗೊಂಡೆ, ಈ ಬಡ್ಡೀಮಗಂದು ಅಡ್ರೆಸ್ ಹುಡುಕ್ಕೊಂಡು ಬಂದಿದೆ" ಎಂದು ಕೂಗಿದ್ದರು. ಕಸದ ಡಬ್ಬಿಗಳ ದಿನ ನಮ್ಮ ಬೀದಿಯ ಅಷ್ಟೂ ಡಬ್ಬಿಗಳು ಒಂದೇ ಗೆರೆಯಲ್ಲಿ ನಿಲ್ಲುತ್ತಿದ್ದವು; ಪಕ್ಕದ ಮನೆಯ ಇಟಾಲಿಯನ್ ಮುದುಕ ತನ್ನ ಡಬ್ಬಿ ಸೊಟ್ಟಗಿಟ್ಟು, ಕಿಟಕಿಯ ಪರದೆ ಸರಿಸಿ, ಕರ್ನಲ್ ಬಂದು ನೆಟ್ಟಗೆ ಮಾಡುವುದನ್ನೇ ಕಾಯುತ್ತಿದ್ದ. ಒಮ್ಮೆ ನಾನು ಶಾಲೆಯಿಂದ ಬಂದು, ತೊದಲುವ ಹುಡುಗನೊಬ್ಬನನ್ನು ಎಲ್ಲರೂ ಹೇಗೆ ನಕಲು ಮಾಡಿದರು ಎಂದು ನಗುತ್ತ ಹೇಳಿದಾಗ ತಾತ ನಗಲಿಲ್ಲ. "ನಗಿಸೋಕೆ ಒಂದು ಕತ್ತೆ ಬೇಕು ಪುಟ್ಟಿ. ಆ ಕತ್ತೆ ನಾವೇ ಆಗಬೇಕು. ಇನ್ನೊಬ್ಬನ್ನ ಮಾಡಿದ್ರೆ ಅದು ಗುಂಪು ಕಟ್ಕೊಂಡು ಹೊಡೆದ ಹಾಗೆ" ಎಂದರು. ನನ್ನ ಕನ್ನಡವೆಲ್ಲ ಅವರಿಂದ, ಅಜ್ಜಿಯಿಂದ ಬಂದದ್ದು. ನಾನು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೆ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಧನ್ ತಾತ ಸಿಕ್ಕಿದ್ದೂ ಒಂದು ಕಥೆಯೇ. ಜಾಕ್ಸನ್ ಹೈಟ್ಸ್‌ನಲ್ಲಿ ಸೀರೆ ಕೊಳ್ಳಲು ಅಜ್ಜಿ ಅಂಗಡಿ ಹೊಕ್ಕಾಗ ತಾತ ಹೊರಗೆ ನಿಂತಿದ್ದರು. ಎದುರಿಗೆ ಮೊಮೊ ಮಾರುವ ಗಾಡಿಯ ಮುಂದೆ ಒಂದು ಸಾಲು. ಸಾಲಿನಲ್ಲೊಂದು ಬೆನ್ನು. "ಮುಖ ಯಾರಾದ್ರೂ ಮರೀಬಹುದು. ಹಿಂದೆ ಮುಂದೆ ನಡೆದ ಬೆನ್ನನ್ನ ಮರೆಯೋಕಾಗಲ್ಲ" ಎನ್ನುತ್ತಿದ್ದರು ತಾತ. ಬೀದಿಯ ಈಚೆಯಿಂದಲೇ, ಪರೇಡ್ ಮೈದಾನದ ಗಂಟಲಿನಲ್ಲಿ ಸಾವಧಾನ್ ಕೊಟ್ಟರಂತೆ. ಆ ಬೆನ್ನು ಸೆಟೆದು ನಿಂತಿತು. ಅದರ ಹಿಂದೆ ಇನ್ನೂ ಇಬ್ಬರು ಮುದುಕರು ಮೊಮೊ ತಟ್ಟೆ ಹಿಡಿದೇ ಸೆಟೆದು ನಿಂತರು. ಅವರು ಬೇರೆ ಯಾವುದೋ ಪಲ್ಟನ್ನಿನವರು, ಪಾಪ, ಅಭ್ಯಾಸಬಲ. ಅಂದಿನಿಂದ ಧನ್ ತಾತ ಆಗಾಗ ರೈಲು ಹಿಡಿದು ಸೌತ್ ಆಂಬಾಯ್‌ವರೆಗೆ ಬರುತ್ತಿದ್ದರು. ನಾನೂ ತಾತನೂ ಸ್ಟೇಷನ್ನಿಗೆ ಹೋಗಿ ಕರೆತರುತ್ತಿದ್ದೆವು. ಚಿಕ್ಕ ಆಳು, ನಗುವಾಗ ಕಣ್ಣು ಎರಡು ಗೆರೆ. ಕೈಯಲ್ಲಿ ಯಾವಾಗಲೂ ಅವರ ಹೆಂಡತಿ ಕಳಿಸಿದ ಮೂಲಂಗಿ ಉಪ್ಪಿನಕಾಯಿಯ ಬಾಟಲಿ. ಆಕೆಯನ್ನು ನಾನು ನೇಪಾಳಿಯಲ್ಲಿ ಅಜ್ಜಿ ಎನ್ನುವ ಹಾಗೆ ಬಜೈ ಎನ್ನುತ್ತಿದ್ದೆ.

ಇನ್ನು ಆ ಕಥೆ. ತಾತನ ಬಾಯಲ್ಲಿ ಅದನ್ನು ಕೇಳದ ಕನ್ನಡಿಗರು ನಮ್ಮ ಕಡೆ ಆಗ ಇರಲಿಲ್ಲ. ಅವರು ಹೊಸ ಲೆಫ್ಟಿನೆಂಟ್, ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ. ಗಡಿಯ ಎತ್ತರದ ಪೋಸ್ಟಿನಿಂದ ಮೊದಲ ಗಸ್ತು. ಕೈಯಲ್ಲಿ ಮ್ಯಾಪು, ಕಣ್ಣ ಮುಂದೆ ಮಂಜು. ದಾರಿ ಕವಲಾದಲ್ಲಿ ಅವರು ಎಡಕ್ಕೆ ತಿರುಗಿದರು. ಎಡಕ್ಕೆ ಇದ್ದದ್ದು ನಮ್ಮವರೇ ಹಿಂದಿನ ವರ್ಷ ಕಾಲಿಟ್ಟರೆ ಸಿಡಿಯುವ ಮೈನುಗಳನ್ನು ಹೂತಿಟ್ಟಿದ್ದ ಇಳಿಜಾರು. ಅದರ ಬೇಲಿ ಹಿಮದಡಿ ಮುಚ್ಚಿಹೋಗಿತ್ತು. ಅದು ಹಿಂದೆಯೇ ಬರುತ್ತಿದ್ದ ಲ್ಯಾನ್ಸ್ ನಾಯಕ್ ಧನ್‌ಬಹಾದುರನಿಗೆ ಗೊತ್ತು. ಆದರೆ ಬೆನ್ನ ಹಿಂದೆ ಸಾಲಾಗಿ ಹುಡುಗರಿದ್ದಾರೆ. ಮೊದಲ ಗಸ್ತಿನಲ್ಲೇ, ಅವರೆಲ್ಲರ ಕಿವಿಗೆ ಬೀಳುವಂತೆ "ಸಾಬ್, ನಿಮಗೆ ದಾರಿ ತಪ್ಪಿದೆ" ಎಂದರೆ ಎರಡನೇ ಗಸ್ತಿಗೆ ಆ ಹುಡುಗರು ಸಾಬ್‌ನ ಹಿಂದೆ ಯಾವ ಧೈರ್ಯದಲ್ಲಿ ಬಂದಾರು? ಧನ್‌ಬಹಾದುರ್ ಮುಂದೆ ಬಂದು, ಸರಿಯಾಗಿ ದಾರಿಗೆ ಅಡ್ಡ ಬಗ್ಗಿ, "ಸಾಬ್, ತುನಾ ಫುಸ್ಕ್ಯೋ" ಎಂದ. ಲೇಸ್ ಬಿಚ್ಚಿಹೋಯಿತು ಎಂದರ್ಥ. ತಾತ ಗುರುಗುಟ್ಟಿ ಕಾದರು. ನಾಲ್ಕು ಹೆಜ್ಜೆ ನಡೆದರೋ ಇಲ್ಲವೋ, ಮತ್ತೆ ತುನಾ ಫುಸ್ಕ್ಯೋ. ತಾತ ಬೈದರು. ಕೊನೆಗೆ ಧನ್‌ಬಹಾದುರ್ ದಾರಿಯ ನಡುವೆ ಕುಂಡೆಯೂರಿ ಕೂತು, ಬೂಟನ್ನೇ ಕಳಚಿ, ಅದರೊಳಗೆ ಇಲ್ಲದ ಕಲ್ಲನ್ನು ಕೊಡವತೊಡಗಿದ. ಸಿಟ್ಟಿನಿಂದ ಏನೂ ತೋಚದೆ ತಾತ ಮ್ಯಾಪ್ ಬಿಡಿಸಿದರು. "ಮ್ಯಾಪ್ ತಲೆಕೆಳಗಾಗಿ ಹಿಡಿದಿದ್ದೆ ಅಂತ ಹೇಳಲ್ಲ. ಆದ್ರೆ ಮ್ಯಾಪಿಗೇ ಅನುಮಾನ ಬಂದಿತ್ತು." ಅಷ್ಟರಲ್ಲಿ ಮಂಜು ಸ್ವಲ್ಪ ಸರಿಯಿತು. ಎದುರಿಗೆ, ಹಿಮದಿಂದ ಮೂತಿ ಹೊರಹಾಕಿದ್ದ ಬೇಲಿಯ ಗೂಟ. ತಾತ ಏನೂ ಹೇಳದೆ ಬಲಕ್ಕೆ ಕೈ ತೋರಿಸಿದರು. ಧನ್‌ಬಹಾದುರ್ ಬೂಟು ಹಾಕಿಕೊಂಡ. ಪೋಸ್ಟಿಗೆ ಮರಳುವವರೆಗೂ ಆ ಲೇಸ್ ಒಮ್ಮೆಯೂ ಬಿಚ್ಚಲಿಲ್ಲ. ಸಂಜೆ ತಾತ ಅವನನ್ನು ಪಕ್ಕಕ್ಕೆ ಕರೆದು, ನಿನಗೆ ಗೊತ್ತಿತ್ತಲ್ಲವೇ ಎಂದು ಕೇಳಿದರೆ, "ದಾರಿ ಸಾಬ್‌ಗೆ ಗೊತ್ತಿತ್ತು. ನನ್ನ ಬೂಟಿಗೆ ಗೊತ್ತಿರಲಿಲ್ಲ" ಎಂದನಂತೆ.

ಇದು ಕಥೆ. ಇದರಲ್ಲಿ ಯಾರು ಕತ್ತೆ, ಯಾರು ಮನುಷ್ಯ ಎಂದು ಮಗುವಿಗೂ ತಿಳಿಯುತ್ತದೆ. ನನಗೆ ತಿಳಿದಿತ್ತು.

ಸಂಘದ ಸಾಂಸ್ಕೃತಿಕ ಕಾರ್ಯದರ್ಶಿಗೆ ತಿಳಿಯಲಿಲ್ಲ. ಆತ ಶ್ರೀಧರ ಅಂಕಲ್. ಕೆಟ್ಟ ಮನುಷ್ಯನೇನಲ್ಲ, ಕಾರು ಕೆಟ್ಟರೆ ಹಿಮದಲ್ಲೂ ಬಂದು ಜಂಪ್‌ಸ್ಟಾರ್ಟ್ ಮಾಡಿಕೊಡುತ್ತಿದ್ದವರು. ಅವರು ನಮ್ಮ ಮನೆಗೆ ಫೋನ್ ಮಾಡಿ, "ಕರ್ನಲ್ ಅಂಕಲ್, ಈ ಸಲ ಯುಗಾದಿ ಪ್ರೋಗ್ರಾಮಲ್ಲಿ ನಿಮಗೊಂದು ಸರ್ಪ್ರೈಸ್ ಇದೆ. ನಿಮ್ಮ ಲೇಸ್ ಸ್ಟೋರೀನ ಸ್ಕಿಟ್ ಮಾಡ್ತಿದೀವಿ, ನಿಮಗೊಂದು ಟ್ರಿಬ್ಯೂಟ್" ಎಂದರು. ಸರ್ಪ್ರೈಸ್ ಎಂದವರು ಅದನ್ನು ಹೇಳಿಯೂಬಿಟ್ಟರು, ಅದು ಅವರ ಸ್ವಭಾವ. ತಾತನಿಗೆ ಆದ ಸಂತೋಷ ನಾನು ಮತ್ತೆ ಕಂಡಿಲ್ಲ. ಕೂಡಲೇ ಜಾಕ್ಸನ್ ಹೈಟ್ಸ್‌ಗೆ ಫೋನ್. "ಧನೇ, ನಿನ್ನ ಮೇಲೆ ನಾಟಕ ಮಾಡ್ತಿದಾರೆ ನನ್ನ ಜನ. ಬೂಟ್ ತಗೊಂಡು ಬಾ." ಹಾಗಾಗಿಯೇ ಆ ಮಧ್ಯಾಹ್ನದ ಪಾಲಿಷ್, ಆ ನಗು.

ಈಸ್ಟ್ ಬ್ರನ್ಸ್‌ವಿಕ್‌ನ ಒಂದು ಶಾಲೆಯ ಸಭಾಂಗಣ. ಮುಂದಿನ ಸಾಲಿನಲ್ಲಿ ತಾತ, ಅವರ ಪಕ್ಕ ನಡುದಾರಿಯ ಅಂಚಿಗೆ ಧನ್ ತಾತ, ತಾತನ ಈಚೆಗೆ ನಾನು. ಇಬ್ಬರೂ ಬ್ಲೇಜರ್ ತೊಟ್ಟು, ಬಲಕ್ಕೆ ವಾಲಿಸಿದ ಗೂರ್ಖಾ ಟೋಪಿಯನ್ನು ಮಂಡಿಯ ಮೇಲೆ ಇಟ್ಟುಕೊಂಡಿದ್ದರು. ಪ್ರಾರ್ಥನೆಯಾಯಿತು, ಮಕ್ಕಳ ಡ್ಯಾನ್ಸ್ ಆಯಿತು, ಸೀರೆಗಳ ಫ್ಯಾಷನ್ ಶೋ ಆಯಿತು. ಆಮೇಲೆ ಪರದೆ ಸರಿಯಿತು. ಕಪ್ಪು ಕನ್ನಡಕದ, ಎತ್ತರದ, ಚೆಂದದ ಕರ್ನಲ್ ಒಬ್ಬ ಬಂದ. ಅವನ ಹಿಂದೆ ಕುಂಟುತ್ತ ಬಂದವನು ಗೂರ್ಖಾ. ಅವನ ಕಣ್ಣಿನ ಅಂಚುಗಳನ್ನು ಕಾಡಿಗೆಯಲ್ಲಿ ಮೇಲಕ್ಕೆ ಎಳೆದು ಬರೆದಿದ್ದರು. ಕೊರಳಲ್ಲಿ ಸೀಟಿ. ಕೈಯಲ್ಲಿ ಕಾವಲಿನವನ ಕೋಲು. ಬಾಯಿ ತೆರೆದರೆ "ಶಾಬ್! ಶಾಬ್!" ಪ್ರೇಕ್ಷಕರು ಬಿದ್ದು ಬಿದ್ದು ನಕ್ಕರು. ಗೂರ್ಖಾ ಲೇಸ್ ಕಟ್ಟಲು ಕೂರುವುದು, ಕಟ್ಟಲು ಬಾರದೆ ಅಳುವುದು, ಕರ್ನಲ್ ಅವನ ಹಿಂಭಾಗಕ್ಕೆ ಒದೆಯುವುದು. ಮತ್ತೆ ಕೂರುವುದು, ಮತ್ತೆ ಒದೆ. ಮೈನು ಇಲ್ಲ, ಮಂಜು ಇಲ್ಲ, ಬೇಲಿಯಿಲ್ಲ. ದಾರಿ ತಪ್ಪಿದ್ದೇ ಇಲ್ಲ. ಕೊನೆಗೆ ಗೂರ್ಖಾ ತನ್ನ ಎರಡೂ ಬೂಟಿನ ಲೇಸ್‌ಗಳನ್ನು ಒಂದಕ್ಕೊಂದು ಗಂಟು ಹಾಕಿಕೊಂಡು ಮುಗ್ಗರಿಸಿ ಬಿದ್ದ. ಅದಕ್ಕೆ ಶಿಳ್ಳೆ.

ಟ್ರಿಬ್ಯೂಟ್ ಅಂತೆ! ನಮ್ಮ ಮನೆಯಲ್ಲಿ ಎಷ್ಟೋ ಸಲ ಕೂತು, ಅಜ್ಜಿಯ ಕೈಯ ಕೋಡುಬಳೆ ತಿಂದು, ಈ ಕಥೆ ಕೇಳಿ ನಕ್ಕಿದ್ದರಲ್ಲ, ಆಗೆಲ್ಲ ಅವರು ನಕ್ಕದ್ದು ಯಾವುದಕ್ಕೆ? ಕಿವಿಯಲ್ಲಿ ಏನಿತ್ತು? ಒಬ್ಬ ಮನುಷ್ಯ ಇನ್ನೊಬ್ಬನ ಮಾನ ಉಳಿಸಲು ತಾನು ಪೆದ್ದನಾಗಿ ಕೂತ ಎನ್ನುವುದು ಅವರ ತಲೆಗೆ ಹೋಗಲೇ ಇಲ್ಲ. ಗೂರ್ಖಾ, ಅಂದ ಮೇಲೆ ಪೆದ್ದ. ಅವನಿಗೆ ಲೇಸ್ ಕಟ್ಟಲು ಬರುವುದಿಲ್ಲ. ಸಹಜವಲ್ಲವೇ?

ಧನ್ ತಾತನಿಗೆ ಕನ್ನಡ ಬರುತ್ತಿರಲಿಲ್ಲ. ಮೊದಲು ಎಲ್ಲರ ಜೊತೆ ಅವರೂ ನಗುತ್ತಿದ್ದರು, ಅತಿಥಿ ನಗಬೇಕಲ್ಲ. ಕಾಡಿಗೆಯ ಕಣ್ಣು ಕಂಡಾಗಲೂ ನಗು ಇತ್ತು. ವೇದಿಕೆಯ ಮೇಲಿನವನು ಲೇಸ್ ಹಿಡಿದು ಕೂತಾಗ ಮಾತ್ರ ಅವರಿಗೆ ಅದು ಯಾರೆಂದು ತಿಳಿಯಿತು. ನಗು ಅಲ್ಲೇ ಉಳಿಯಿತು, ಇಳಿಸಲು ಮರೆತ ಬಾವುಟದ ಹಾಗೆ. ನನ್ನ ಪಕ್ಕದಲ್ಲಿ ತಾತನ ಉಸಿರು ದೊಡ್ಡದಾಗುತ್ತಿತ್ತು. ಅವರು ಟೋಪಿಯನ್ನು ತಲೆಗಿಟ್ಟು, ಗಲ್ಲದ ಪಟ್ಟಿ ಎಳೆದುಕೊಂಡು ಎದ್ದರು. ಆ ಮುಖವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಅವರು ವೇದಿಕೆಗೆ ಹೋಗಿದ್ದರೆ ಆ ಸಂಘ ಅಂದೇ ಮುಗಿಯುತ್ತಿತ್ತು, ಮುಗಿಯಬೇಕಿತ್ತು ಎಂದು ಇವತ್ತಿಗೂ ನನಗನ್ನಿಸುತ್ತದೆ. ಆದರೆ ತಾತ ನಡುದಾರಿಗೆ ಕಾಲಿಡುವ ಮೊದಲೇ ಧನ್ ತಾತ ಸೀಟಿನಿಂದ ಜಾರಿ, ಅವರ ಮುಂದೆ ಒಂದು ಮಂಡಿಯೂರಿ ಬಗ್ಗಿದ್ದರು. ಕನ್ನಡಿಯಂತೆ ಹೊಳೆಯುವ ಬೂಟು, ಬಿಗಿಯಾಗಿ ಕಟ್ಟಿದ ಗಂಟು. "ಸಾಬ್, ತುನಾ ಫುಸ್ಕ್ಯೋ" ಎಂದರು, ಮೆಲ್ಲಗೆ, ನಮಗಿಬ್ಬರಿಗೆ ಮಾತ್ರ ಕೇಳುವಷ್ಟು.

ತಾತ ನಿಂತರು. ಎಷ್ಟೋ ಹೊತ್ತು ಹಾಗೇ ನಿಂತಿದ್ದರು. ಆಮೇಲೆ ಕೂತರು.

ನಾಟಕ ಮುಗಿದ ಮೇಲೆ ಶ್ರೀಧರ ಅಂಕಲ್ ಮೈಕ್ ಹಿಡಿದು ತಾತನನ್ನು ವೇದಿಕೆಗೆ ಕರೆದರು. ತಾತ ಕೂತಲ್ಲಿಂದ ಕೈ ಮುಗಿದರು, ಅಷ್ಟೇ. "ಅಂಕಲ್ ತುಂಬಾ ಎಮೋಷನಲ್ ಆಗಿಬಿಟ್ಟಿದಾರೆ! ಜೋರಾಗಿ ಚಪ್ಪಾಳೆ!" ಎಂದರು ಆ ಪುಣ್ಯಾತ್ಮ. ಚಪ್ಪಾಳೆ ಬಿತ್ತು. ಊಟದ ಹೊತ್ತಿಗೆ ತಟ್ಟೆ ಹಿಡಿದು ನಮ್ಮ ಟೇಬಲ್ಲಿಗೇ ಬಂದರು. "ಹೆಂಗಿತ್ತು ಅಂಕಲ್? ಸ್ವಲ್ಪ ಮಸಾಲೆ ಹಾಕಿದೀವಿ, ತಪ್ಪು ತಿಳ್ಕೋಬೇಡಿ." ತಾತ ಚಿತ್ರಾನ್ನವನ್ನೇ ನೋಡುತ್ತಿದ್ದರು. ಅಜ್ಜಿ ಸೌಟು ಕೆಳಗಿಟ್ಟು, "ಶ್ರೀಧರ, ಇಲ್ನೋಡಪ್ಪ. ಇವರೇ ಆ ಧನ್‌ಬಹಾದುರ್. ನಿಮ್ಮನೇಲಿ ಊಟಕ್ಕೆ ಬಂದವರನ್ನ ಒದೀತೀರೇನು?" ಎಂದಳು. ಶ್ರೀಧರ ಅಂಕಲ್‌ಗೆ ಎರಡನೇ ಮಾತು ಕೇಳಿಸಲೇ ಇಲ್ಲ. "ಓ ಮೈ ಗಾಡ್, ರಿಯಲ್ ಗೂರ್ಖಾ! ಹೌ ಸ್ಪೋರ್ಟಿವ್! ಏ ಮಧು, ಮೇಕಪ್ ತೆಗೀಬೇಡ, ಬಾರೋ, ಒಂದು ಫೋಟೋ!" ಕಾಡಿಗೆ ಕಣ್ಣಿನವನು ಓಡಿಬಂದ. ಧನ್ ತಾತ ಎದ್ದು, ಬ್ಲೇಜರಿನ ಗುಂಡಿ ಹಾಕಿಕೊಂಡು, ಅವನ ಪಕ್ಕ ನೆಟ್ಟಗೆ ನಿಂತು ಫೋಟೋ ತೆಗೆಸಿಕೊಂಡರು. ಸಾಬ್‌ನ ಜನ ಕರೆದಿದ್ದಾರೆ, ನಿಂತರು.

ಕಾರಿನಲ್ಲಿ ರೂಟ್ ಹದಿನೆಂಟರ ದೀಪಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು. ಬಹಳ ದೂರ ಹೋದ ಮೇಲೆ ತಾತ ನೇಪಾಳಿಯಲ್ಲಿ ಏನೋ ಹೇಳಿದರು. ಧನ್ ತಾತ ಏನೋ ಉತ್ತರ ಕೊಟ್ಟರು. ಅದೇನೆಂದು ನಾನು ಆಮೇಲೆ ತಾತನನ್ನು ಕೇಳಿ ತಿಳಿದುಕೊಂಡೆ. "ಹುಡುಗ ಚೆನ್ನಾಗಿ ಆಡಿದ ಸಾಬ್. ಆದರೆ ಅಂಥ ಗಂಟು ಹಾಕಿದರೆ ನಿಜವಾಗಿಯೂ ಬಿಚ್ಚಿಹೋಗುತ್ತದೆ. ಹೇಳಿಕೊಡಬೇಕಿತ್ತು."

ಆಮೇಲೂ ಧನ್ ತಾತ ಬರುತ್ತಿದ್ದರು, ಮೂಲಂಗಿ ಉಪ್ಪಿನಕಾಯಿ ಬರುತ್ತಿತ್ತು. ನಿಂತದ್ದು ಕಥೆ. ಯಾರ ಮನೆಯಲ್ಲಾದರೂ "ಕರ್ನಲ್ ಅಂಕಲ್, ಆ ಲೇಸ್ ಜೋಕ್!" ಎಂದರೆ ತಾತ, "ಮರ್ತೋಯ್ತಪ್ಪ" ಎನ್ನುತ್ತಿದ್ದರು. ಅದೊಂದೇ ಆಗಿದ್ದರೆ ತಡೆಯಬಹುದಿತ್ತು. ಕೋಣದ ಕಥೆಯೂ ಹೋಯಿತು, ಹಿಮದ ಬೈಗುಳವೂ ಹೋಯಿತು. ಕಸದ ಡಬ್ಬಿ ಸೊಟ್ಟಗೇ ನಿಂತಿರುತ್ತಿತ್ತು. ಇಟಾಲಿಯನ್ ಮುದುಕ ಒಂದು ದಿನ ಬಾಗಿಲು ಬಡಿದು, ಕರ್ನಲ್‌ಗೆ ಹುಷಾರಿಲ್ಲವೇ ಎಂದು ಕೇಳಿಕೊಂಡು ಹೋದ. ತಾತನ ಮೈಮೇಲೆ ಗುಂಡಿನ ಗಾಯ ಇತ್ತು, ಅದು ಅವರ ನಗುವನ್ನು ಕಸಿದಿರಲಿಲ್ಲ. ನಮ್ಮ ಜನ, ಒಂದು ಯುಗಾದಿ ಸಂಜೆ, ಕೋಸಂಬರಿ ತಿನ್ನುವ ಮೊದಲು ಕಸಿದುಕೊಂಡರು. ಅವರಿಗೆ ಅದು ಗೊತ್ತೂ ಇಲ್ಲ. ಮುಂದಿನ ವರ್ಷ "ಜನರ ಒತ್ತಾಯದ ಮೇರೆಗೆ" ಅದೇ ಸ್ಕಿಟ್ ಮತ್ತೆ ಆಡಿದರು. ನಾವು ಹೋಗಲಿಲ್ಲ.

ನಾನು ಕಾಲೇಜಿನಲ್ಲಿದ್ದಾಗ ತಾತ ಹಾಸಿಗೆ ಹಿಡಿದರು. ರಜೆಗೆ ಬಂದ ನನ್ನನ್ನು ಒಂದು ಬೆಳಿಗ್ಗೆ ಪಕ್ಕಕ್ಕೆ ಕರೆದು, "ಪುಟ್ಟಿ, ಆ ಕಥೇನ ನಾನಿನ್ನು ಹೇಳಲ್ಲ. ನೀನು ಯಾವತ್ತಾದ್ರೂ ಹೇಳಿದ್ರೆ ಕತ್ತೆ ನಾನು ಅಂತ್ಲೇ ಹೇಳು. ನನ್ನ ಬಗ್ಗೆ ಜನ ಏನು ಬೇಕಾದ್ರೂ ಆಡ್ಕೊಳ್ಳಲಿ. ಅವನ ಬಗ್ಗೆ ಸುಳ್ಳು ಉಳೀಬಾರದು" ಎಂದರು. ನಾನು ಹೂಂ ಎಂದೆ. ಅವರು ಹೋದ ಮೇಲೆ ಅಜ್ಜಿಯೂ ಬಹಳ ದಿನ ಇರಲಿಲ್ಲ. ಓಲ್ಡ್ ಬ್ರಿಡ್ಜ್‌ನ ಮನೆಯನ್ನು ಅಪ್ಪ ಅಮ್ಮ ಮಾರಿದರು. ಈಗ ಆ ದಾರಿಯಲ್ಲಿ ಡ್ರೈವ್ ಮಾಡಿದರೆ ಗೋಡೆಗೆ ಹೊದಿಸಿದ ನೀಲಿ ಸೈಡಿಂಗ್ ಕಾಣುತ್ತದೆ, ಗರಾಜಿನ ಮೇಲೆ ಬ್ಯಾಸ್ಕೆಟ್‌ಬಾಲ್ ಬಳೆ. ಒಳಗಿನ ಲಿನೋಲಿಯಂ ಕಿತ್ತು ಹಾಕಿರುತ್ತಾರೆ, ಬಿಡಿ.

ಕೊಟ್ಟ ಮಾತನ್ನು ಉಳಿಸಿಕೊಳ್ಳಲು ನಾನು ಜಗಳಗಂಟಿಯಾಗಿದ್ದೇನೆ. ಸಂಘ ಮುಚ್ಚಿಹೋಯಿತು, ಆದರೆ ಜೋಕ್ ಸಾಯಲಿಲ್ಲ. ಹೋದ ವರ್ಷ ಗೌರಿ ಹಬ್ಬದ ಊಟಕ್ಕೆ ಈಸ್ಟ್ ಬ್ರನ್ಸ್‌ವಿಕ್‌ನ ಸ್ನೇಹಿತೆಯ ಮನೆಗೆ ಹೋಗಿದ್ದೆ. ಬೆಂಗಳೂರಿನಿಂದ ಆಗಷ್ಟೇ ಬಂದ ಹುಡುಗನೊಬ್ಬ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ಒಬ್ಬ ಗೂರ್ಖಾ ಇದ್ನಂತೆ, ಅವನಿಗೆ ಶೂ ಲೇಸ್ ಕಟ್ಟೋಕೆ ಬರ್ತಿರ್ಲಿಲ್ವಂತೆ" ಎಂದು ಶುರುಮಾಡಿದ. ಅವನಿಗೆ ತಾತ ಗೊತ್ತಿಲ್ಲ, ಈ ಊರಿನಲ್ಲಿ ಹುಟ್ಟಿದ ಸುಳ್ಳು ಎಂದೂ ಗೊತ್ತಿಲ್ಲ. ನಾನು ತಟ್ಟೆ ಕೆಳಗಿಟ್ಟು ಪೂರ್ತಿ ಕಥೆ ಹೇಳಿದೆ, ಊರು, ಮಂಜು, ಮೈನು, ಹೆಸರು ಸಮೇತ. "ಚಿಲ್ ಅಕ್ಕಾ, ಇಟ್ಸ್ ಜಸ್ಟ್ ಎ ಜೋಕ್" ಎಂದ ಆತ. ಸ್ನೇಹಿತೆ ನನಗೆ ಇನ್ನೊಂದು ಹೋಳಿಗೆ ಬಡಿಸಿದಳು, ಬಾಯಿ ಮುಚ್ಚಲಿ ಎಂದು. ಜಸ್ಟ್ ಎ ಜೋಕ್! ನಿನ್ನ ತಾತನನ್ನು ಒದ್ದು ನಗುತ್ತೇನೆ, ಆಗ ಹೇಳು.

ಈ ಚಳಿಗಾಲದಲ್ಲಿ ಧನ್ ತಾತ ತೀರಿಕೊಂಡರು. ಅವರ ಮಗ ಪ್ರೇಮ್ ಫೋನ್ ಮಾಡಿದ. ಅಮ್ಮನಿಗೆ ಮಂಡಿನೋವು, ನಾನೊಬ್ಬಳೇ ಅವರಿದ್ದ ಕ್ವೀನ್ಸ್‌ಗೆ ಹೋದೆ. ಫ್ಯೂನರಲ್ ಹೋಮ್‌ನಲ್ಲಿ ತೆರೆದ ಪೆಟ್ಟಿಗೆಯಲ್ಲಿ ಅವರು ಮಲಗಿದ್ದರು, ಎದೆಯ ತುಂಬ ಬಿಳಿಯ ರೇಷ್ಮೆ ಶಲ್ಯಗಳು. ಹಳೆಯ ಪಲ್ಟನ್ನುಗಳ ಮುದುಕರು ಟೋಪಿ ಹಿಡಿದು ಸಾಲಾಗಿ ಕೂತಿದ್ದರು. ಪ್ರೇಮ್ ನನ್ನನ್ನು ಮುಂದೆ ಕರೆದು, ಇವರು ಕರ್ನಲ್ ಸಾಬ್‌ನ ಮೊಮ್ಮಗಳು ಎಂದು ಎಲ್ಲರಿಗೂ ಪರಿಚಯಿಸಿದ. ಆಮೇಲೆ ಹಿಂದಿಯಲ್ಲಿ, "ಪಪ್ಪಾ ನಮಗೆ ಒಂದೇ ಒಂದು ಫೌಜಿನ ಕಥೆ ಹೇಳುತ್ತಿದ್ದರು" ಎಂದು ಶುರುಮಾಡಿದ. ಗಸ್ತಿಗೆ ಹೊರಟಾಗ ಅವರಿಗೆ ಲೇಸ್ ಸರಿಯಾಗಿ ಕಟ್ಟಲು ಬರುತ್ತಿರಲಿಲ್ಲ. ದಾರಿಯಲ್ಲಿ ಮತ್ತೆ ಮತ್ತೆ ಕೂತುಬಿಟ್ಟರು. ಹೊಸದಾಗಿ ಬಂದಿದ್ದ ಸಾಬ್ ಒಂದು ಮಾತೂ ಬೈಯದೆ ಕಾದರು. ಕಾಯುತ್ತಲೇ ಮಂಜಿನಲ್ಲಿ ಬೇಲಿಯ ಗೂಟ ಕಂಡುಹಿಡಿದು ಎಲ್ಲರ ಜೀವ ಉಳಿಸಿದರು. "ಪಪ್ಪಾ ಹೇಳುತ್ತಿದ್ದರು, ಅಂಥ ಸಾಬ್ ಸಿಗುವುದು ಪುಣ್ಯ ಅಂತ."

ಹೆಂಡತಿಗೂ ಮಕ್ಕಳಿಗೂ ಅವರು ಅದನ್ನೇ ಹೇಳಿಕೊಂಡು ಬಂದಿದ್ದರು.

ನಾನು ಎದ್ದು ನಿಂತು ತಾತನಿಗೆ ಕೊಟ್ಟ ಮಾತಿನಂತೆ ಹೇಳಿದೆ. ದಾರಿ ತಪ್ಪಿದವರು ನನ್ನ ತಾತ. ನಿಲ್ಲಿಸಿದವರು ಇವರು. ಲೇಸ್ ಬಿಚ್ಚಿರಲೇ ಇಲ್ಲ. ನನ್ನ ಹಿಂದಿ ಅಷ್ಟಕ್ಕಷ್ಟೇ, ಪ್ರೇಮ್ ಒಂದೊಂದು ವಾಕ್ಯವನ್ನೂ ತಾಯಿಗೆ ನೇಪಾಳಿಯಲ್ಲಿ ಹೇಳಿದ. ಟೋಪಿಯ ಮುದುಕರಲ್ಲಿ ಒಬ್ಬಿಬ್ಬರು ತಲೆದೂಗಿದರು. ಬಜೈ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೈ ಅಲ್ಲಾಡಿಸಿ ಏನೋ ಹೇಳಿದರು.

"ಇಲ್ಲ ಮಗು, ನಿನಗೆ ಯಾರೋ ತಪ್ಪು ಹೇಳಿದ್ದಾರೆ ಅಂತಿದ್ದಾರೆ," ಎಂದ ಪ್ರೇಮ್. "ಸಾಬ್ ದಾರಿ ತಪ್ಪುವವರಲ್ಲ. ನನಗೆ ಇವರೇ ಹೇಳಿದ್ದು, ನನ್ನ ಹತ್ತಿರ ಸುಳ್ಳು ಹೇಳ್ತಾರಾ? ಲೇಸ್ ಕಟ್ಟೋಕೆ ಬರ್ತಿರಲಿಲ್ಲ. ಈ ವರ್ಷವೆಲ್ಲ ನಾನೇ ಕಟ್ಟಿದ್ದು, ಅಂತಿದ್ದಾರೆ ಅಮ್ಮ."

ನಾನು ವಾದಿಸಲಿಲ್ಲ. ಬಜೈ ತಮ್ಮ ಪಕ್ಕದ ಕುರ್ಚಿ ತಟ್ಟಿ ನನ್ನನ್ನು ಕೂರಿಸಿಕೊಂಡರು. ಸ್ವಲ್ಪ ಹೊತ್ತಿಗೆ ಪೆಟ್ಟಿಗೆ ಮುಚ್ಚಿದರು. ಪ್ರೇಮ್ ಮತ್ತು ಅವನ ಅಣ್ಣತಮ್ಮಂದಿರು ಹೆಗಲು ಕೊಟ್ಟರು, ಟೋಪಿಯ ಮುದುಕರು ಎದ್ದು ನಿಂತರು. ಬಜೈ ನನ್ನ ಕೈ ಹಿಡಿದುಕೊಂಡು, ಪೆಟ್ಟಿಗೆಯ ಹಿಂದೆ ಬಾಗಿಲವರೆಗೆ ನಡೆದರು.